ನೂರು ಮಕ್ಕಳಿಲ್ಲದ ಶಾಲೆಗೂ ಆಪ್ತಸಮಾಲೋಚಕರು ಬೇಕು: ಶಿವಮೊಗ್ಗ ಜಿಲ್ಲೆಯ ಜನಪ್ರತಿನಿಧಿಗಳಿಗೆ ಬಹಿರಂಗ ಪತ್ರ

ಶಿವಮೊಗ್ಗ ಜಿಲ್ಲೆಯ ಏಳು ಕ್ಷೇತ್ರಗಳ ಮಾನ್ಯ ಶಾಸಕರಿಗೆ, ನೈರುತ್ಯ ಶಿಕ್ಷಕರ ಮತ್ತು ಪದವೀಧರರ ಕ್ಷೇತ್ರಗಳ ಮಾನ್ಯ ವಿಧಾನ ಪರಿಷತ್ ಸದಸ್ಯರಿಗೆ, ಹಾಗೂ ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ಮಾನ್ಯರೇ,

2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೊಂದರ ಕಡೆಗೆ ನಿಮ್ಮ ಗಮನ ಸೆಳೆಯಲು ಈ ಪತ್ರ ಬರೆಯುತ್ತಿದ್ದೇನೆ. ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ಹದಿನೇಳು ವರ್ಷದ ಮಗಳನ್ನು ಕಳೆದುಕೊಂಡ ತಂದೆಯೊಬ್ಬರು ನ್ಯಾಯ ಕೇಳಿಕೊಂಡು ಕೋರ್ಟಿನವರೆಗೆ ಹೋಗಿದ್ದರು. ಆ ಪ್ರಕರಣದಲ್ಲಿ ನ್ಯಾಯಾಲಯ ದೇಶದ ಎಲ್ಲ ಶಾಲೆ, ಕಾಲೇಜು, ಕೋಚಿಂಗ್ ಸೆಂಟರ್, ಹಾಸ್ಟೆಲ್‌ಗಳಿಗೆ ಅನ್ವಯಿಸುವಂತೆ 15 ಮಾರ್ಗಸೂಚಿಗಳನ್ನು ಹೊರಡಿಸಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿ ಸಂಸ್ಥೆಯೂ ಮಕ್ಕಳ ಮಾನಸಿಕ ಆರೋಗ್ಯದಲ್ಲಿ ತರಬೇತಿ ಪಡೆದ ಕನಿಷ್ಠ ಒಬ್ಬ ಆಪ್ತಸಮಾಲೋಚಕರನ್ನೋ (ಕೌನ್ಸೆಲರ್) ಮನಶ್ಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ಇಟ್ಟುಕೊಳ್ಳಲೇಬೇಕು ಎಂಬುದು ಅವುಗಳಲ್ಲಿ ಒಂದು. ಅದಕ್ಕಿಂತ ಕಡಿಮೆ ಮಕ್ಕಳಿದ್ದರೆ ಹೊರಗಿನ ತಜ್ಞರ ಜೊತೆ ಅಧಿಕೃತ ಸಂಪರ್ಕ ಇಟ್ಟುಕೊಂಡರೆ ಸಾಕು. ಸರಿಯಾದ ಶಾಸನ ಬರುವ ತನಕ ಈ ಮಾರ್ಗಸೂಚಿಗಳೇ ಕಾನೂನು ಎಂದು ಕೋರ್ಟ್ ಸ್ಪಷ್ಟವಾಗಿ ಹೇಳಿದೆ.

ಕೋರ್ಟ್ ಆ ತೀರ್ಪಿನಲ್ಲಿ ಉಲ್ಲೇಖಿಸಿದ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದ ಪ್ರಕಾರ 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಜೀವ ಕಳೆದುಕೊಂಡರು. ಅದರಲ್ಲಿ 2,248 ಸಾವಿಗೆ ಪರೀಕ್ಷೆಯಲ್ಲಿ ಫೇಲಾದದ್ದು ಕಾರಣ ಎಂದು ದಾಖಲಾಗಿದೆ. ಇಂಥ ಹೊತ್ತಿನಲ್ಲಿ ಬಂದ ಈ ತೀರ್ಪು ದೊಡ್ಡದು. ಆದರೆ ಅದರಲ್ಲಿರುವ ‘ನೂರು’ ಎಂಬ ಗೆರೆಯನ್ನು ನಮ್ಮ ರಾಜ್ಯದ ನಿಯಮಗಳಿಗೆ ಹಾಗೇ ಇಳಿಸಿಕೊಂಡರೆ ಮಲೆನಾಡಿನ ಮಕ್ಕಳಲ್ಲಿ ಬಹುಪಾಲು ಗೆರೆಯ ಆಚೆಗೇ ಉಳಿದುಬಿಡುತ್ತಾರೆ. ಹಾಗಾಗಬಾರದು, ನಿಯಮ ಬರೆಯುವ ಮೊದಲೇ ನೀವು ಅದನ್ನು ತಡೆಯಬೇಕು ಎಂದು ಕೇಳಿಕೊಳ್ಳುವುದೇ ಈ ಪತ್ರದ ಉದ್ದೇಶ.

ನಾನು ಹೊಸನಗರ, ತೀರ್ಥಹಳ್ಳಿ ಸೀಮೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದವಳು. ನಮ್ಮ ಕಡೆಯ ಶಾಲೆ ಹೇಗಿರುತ್ತದೆ ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ, ಚುನಾವಣೆಯ ಹೊತ್ತಿಗೆ ನೀವೇ ಅಲ್ಲಿಗೆಲ್ಲ ಬಂದು ಹೋಗಿದ್ದೀರಿ. ಹತ್ತಾರು ಮನೆಗಳು ಬೇರೆ ಬೇರೆ ಗುಡ್ಡದ ಬುಡದಲ್ಲಿ, ಒಂದೊಂದರ ನಡುವೆ ತೋಟ, ಗದ್ದೆ, ಹಳ್ಳ. ಅಲ್ಲೊಂದು ಕಿರಿಯ ಪ್ರಾಥಮಿಕ ಶಾಲೆ, ಅದರಲ್ಲಿ ಹದಿನೈದೋ ಇಪ್ಪತ್ತೋ ಮಕ್ಕಳು. ಹಿರಿಯ ಪ್ರಾಥಮಿಕದಲ್ಲಿ ಮೂವತ್ತು, ನಲವತ್ತು. ಪ್ರೌಢಶಾಲೆಯಲ್ಲೂ ನೂರು ದಾಟಿದರೆ ಹೆಡ್ಮಾಸ್ಟರು ಸಂತೋಷಪಡುವ ಸ್ಥಿತಿ. ಇವುಗಳಲ್ಲಿ ಯಾವ ಶಾಲೆಯನ್ನು ಒಂಟಿಯಾಗಿ ತೆಗೆದುಕೊಂಡರೂ ಕೋರ್ಟಿನ ನೂರರ ಲೆಕ್ಕಕ್ಕೆ ಬರುವುದು ಕಷ್ಟ.

ಈಗ ಒಂದು ಕ್ಲಸ್ಟರನ್ನು, ಅಂದರೆ ಇಲಾಖೆ ಒಟ್ಟಿಗೆ ಸೇರಿಸಿರುವ ಅಕ್ಕಪಕ್ಕದ ಶಾಲೆಗಳ ಗುಂಪನ್ನು, ಲೆಕ್ಕಕ್ಕೆ ಇಟ್ಟುಕೊಳ್ಳಿ. ಹನ್ನೆರಡು ಶಾಲೆ, ಒಂದೊಂದರಲ್ಲಿ ಇಪ್ಪತ್ತು ಮಕ್ಕಳು ಅಂದುಕೊಂಡರೂ 240 ಮಕ್ಕಳಾಗುತ್ತಾರೆ. ಈ 240 ಮಕ್ಕಳು ಶಿವಮೊಗ್ಗ ಪೇಟೆಯ ಒಂದು ಕಟ್ಟಡದಲ್ಲಿ ಕೂತಿದ್ದರೆ ಅವರಿಗೆ ಒಬ್ಬ ಆಪ್ತಸಮಾಲೋಚಕರು ಕಾನೂನು ಪ್ರಕಾರ ಸಿಗಲೇಬೇಕಿತ್ತು. ಅಷ್ಟೇ ಮಕ್ಕಳು ಕಾಡಿನ ನಡುವೆ ಹನ್ನೆರಡು ಕಡೆ ಹಂಚಿಹೋಗಿದ್ದಾರೆ ಎಂಬ ಒಂದೇ ಕಾರಣಕ್ಕೆ ಅವರಿಗೆ ಸಿಗುವುದು ಹನ್ನೆರಡು ಗೋಡೆಯ ಮೇಲೆ ಹನ್ನೆರಡು ಫೋನ್ ನಂಬರ್. ಈ ಅನ್ಯಾಯವನ್ನು ಸರಿಪಡಿಸಲು ಹೊಸ ಸಿದ್ಧಾಂತವೇನೂ ಬೇಕಾಗಿಲ್ಲ. ಮಕ್ಕಳನ್ನು ಶಾಲೆ ಲೆಕ್ಕದಲ್ಲಿ ಎಣಿಸುವ ಬದಲು ಕ್ಲಸ್ಟರ್ ಲೆಕ್ಕದಲ್ಲಿ ಎಣಿಸಿ ಎಂದು ನಿಯಮದಲ್ಲಿ ಒಂದು ಸಾಲು ಸೇರಿದರೆ ಆಯಿತು. ರಾಷ್ಟ್ರೀಯ ಶಿಕ್ಷಣ ನೀತಿ 2020 ಕೂಡ ಸಣ್ಣ ಶಾಲೆಗಳನ್ನು ಶಾಲಾ ಸಂಕೀರ್ಣಗಳಾಗಿ ಒಟ್ಟುಗೂಡಿಸಿ, ಅವಕ್ಕೆ ಆಪ್ತಸಮಾಲೋಚಕರನ್ನೂ ಸಮಾಜ ಕಾರ್ಯಕರ್ತರನ್ನೂ ಒದಗಿಸುವ ಮಾತಾಡಿದೆ. ಆ ನೀತಿಯ ಉಳಿದ ವಿಚಾರಗಳಲ್ಲಿ ನಿಮ್ಮನಿಮ್ಮ ಪಕ್ಷಗಳ ನಿಲುವು ಏನೇ ಇರಲಿ, ಈ ಒಂದು ಅಂಶಕ್ಕೆ ಯಾರೂ ಬೇಡ ಅನ್ನಲಾರರು.

ಮಕ್ಕಳಿಗೆ ಇಂಥವರು ಯಾಕೆ ಬೇಕು, ಮೇಷ್ಟ್ರುಗಳಿಲ್ಲವೇ ಎಂದು ಕೇಳುವವರು ಈಗಲೂ ಇದ್ದಾರೆ. ಅವರಿಗೆ ನನ್ನ ತರಗತಿಯ ಒಬ್ಬ ಹುಡುಗನ ಬಗ್ಗೆ ಹೇಳಬೇಕು.

ಎಂಟನೇ ಕ್ಲಾಸು. ಉಕ್ತಲೇಖನ ಕೊಟ್ಟರೆ ‘ಅಡಿಕೆ’ ಎಂಬುದು ಅವನ ಪುಸ್ತಕದಲ್ಲಿ ‘ಅಕಿಡೆ’ ಆಗುತ್ತಿತ್ತು. ಒತ್ತಕ್ಷರ ಬಂದಲ್ಲಿ ಪೆನ್ನು ನಿಂತುಬಿಡುತ್ತಿತ್ತು. ಅಷ್ಟು ಜಾಗ ಖಾಲಿ ಬಿಟ್ಟು ಮುಂದಿನ ಪದಕ್ಕೆ ಹೋಗುತ್ತಿದ್ದ. ತಿದ್ದಿ ತಿದ್ದಿ ಹಾಳೆ ಕೆಲವು ಕಡೆ ತೂತಾಗಿರುತ್ತಿತ್ತು. ಗಟ್ಟಿಯಾಗಿ ಓದು ಎಂದರೆ ಪಕ್ಕದವನು ಪಿಸುಗುಡುವುದನ್ನು ಕೇಳಿಸಿಕೊಂಡು ಹೇಳುತ್ತಿದ್ದ, ಪಕ್ಕದವನು ರಜ ಹಾಕಿದ ದಿನ ತಾನೂ ಬರುತ್ತಿರಲಿಲ್ಲ. ಇದೇ ಹುಡುಗ ಮನೆಯಲ್ಲಿ ಅಡಿಕೆ ಹಸನು ಮಾಡುವಾಗ ಬೆಟ್ಟೆ, ರಾಶಿ, ಗೊರಬಲು ಎಂದು ನೋಡನೋಡುತ್ತಲೇ ಬೇರೆ ಮಾಡಿ ಹಾಕುತ್ತಿದ್ದ. ಮಂಡಿಯ ದರ ಹೇಳಿದರೆ ಇಷ್ಟು ಕೆ.ಜಿ.ಗೆ ಇಷ್ಟು ದುಡ್ಡು ಎಂದು ಬಾಯಲ್ಲೇ ಲೆಕ್ಕ ಒಪ್ಪಿಸುತ್ತಿದ್ದ. ಅವನ ತಾಯಿಯನ್ನು ಕರೆಸಿ ಮಾತಾಡಿದಾಗ ಆಕೆ ಸೆರಗಿನ ತುದಿ ಸುತ್ತುತ್ತಾ, ‘ಅವನಿಗೆ ವಿದ್ಯೆ ಹತ್ತಲ್ಲ ಬಿಡಿ ಮೇಡಂ, ಹತ್ತನೇ ಕ್ಲಾಸು ಅಂತ ಒಂದು ಆಗ್ಲಿ, ಆಮೇಲೆ ತೋಟ ಇದ್ದೇ ಇದೆ’ ಎಂದಿದ್ದರು.

ಅವನ ಪುಣ್ಯಕ್ಕೆ ಬೆಂಗಳೂರಿನಲ್ಲಿದ್ದ ಚಿಕ್ಕಮ್ಮ ದಸರಾ ರಜೆಯಲ್ಲಿ ಕರೆದುಕೊಂಡು ಹೋಗಿ ಮನಶ್ಶಾಸ್ತ್ರಜ್ಞರಿಗೆ ತೋರಿಸಿದರು. ನಿರ್ದಿಷ್ಟ ಕಲಿಕಾ ನ್ಯೂನತೆ ಎಂದು ವರದಿ ಬಂತು. ಬುದ್ಧಿಗೇನೂ ಕಡಿಮೆ ಇರಲಿಲ್ಲ, ಅಕ್ಷರಗಳನ್ನು ಮಿದುಳು ಗ್ರಹಿಸುವ ರೀತಿಯಲ್ಲಿ ತೊಡಕಿತ್ತು. ಆ ವರದಿ ಕೈಗೆ ಬಂದ ಮೇಲೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಅವನಿಗೆ ಹೆಚ್ಚಿನ ಸಮಯ ಸಿಕ್ಕಿತು, ಪಾಸಾದ. ಬೆಂಗಳೂರಿನಲ್ಲಿ ಚಿಕ್ಕಮ್ಮ ಇಲ್ಲದ ಮಗು ಏನು ಮಾಡಬೇಕು?

ಈ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರ ಇದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016 ಗುರುತಿಸುವ 21 ಬಗೆಯ ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಅದನ್ನು ಮಕ್ಕಳಲ್ಲಿ ಆದಷ್ಟು ಬೇಗ ಪತ್ತೆ ಹಚ್ಚಿ ತಕ್ಕ ಕ್ರಮ ತೆಗೆದುಕೊಳ್ಳಬೇಕು ಎಂದು ಅದರ 16ನೇ ಸೆಕ್ಷನ್ ಹೇಳುತ್ತದೆ. ಪತ್ತೆ ಹಚ್ಚುವುದು ಹಕ್ಕು, ಆದರೆ ಪತ್ತೆ ಹಚ್ಚಬಲ್ಲ ವ್ಯಕ್ತಿಗೆ ಶಾಲೆಯಲ್ಲಿ ಹುದ್ದೆಯೇ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರ ಅನುಸೂಚಿಯನ್ನೇ ತೆಗೆದು ನೋಡಿ: ಇಷ್ಟು ಮಕ್ಕಳಿಗೆ ಇಷ್ಟು ಶಿಕ್ಷಕರು, ಆರರಿಂದ ಎಂಟನೇ ತರಗತಿವರೆಗೆ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಚಿತ್ರಕಲೆಗೆ, ದೈಹಿಕ ಶಿಕ್ಷಣಕ್ಕೆ, ವೃತ್ತಿ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು, ಅಡುಗೆ ಕೋಣೆ, ಆಟದ ಮೈದಾನ, ಕಾಂಪೌಂಡು ಎಲ್ಲವೂ ಇವೆ. ಮಗುವಿನ ಮನಸ್ಸನ್ನು ನೋಡಿಕೊಳ್ಳುವವರ ಹೆಸರು ಎಲ್ಲಿಯೂ ಇಲ್ಲ. ಅತ್ತ ಸಿಬಿಎಸ್‌ಇ ತನ್ನ ಮಾನ್ಯತಾ ನಿಯಮಗಳಲ್ಲೇ ಕೌನ್ಸೆಲರ್ ಬೇಕು ಎಂದು ಹೇಳಿದೆ. ಹೀಗಾಗಿ ಫೀಸು ಕಟ್ಟಿ ಓದುವ ಪೇಟೆಯ ಮಗುವಿಗೆ ಹೋಗಲು ಒಂದು ಕೋಣೆಯಾದರೂ ಇದೆ, ನಮ್ಮ ಸರ್ಕಾರಿ ಶಾಲೆಯ ಮಗುವಿಗೆ ಇಲ್ಲ.

ಓದಿನ ತೊಡಕು ಒಂದು ಮುಖ ಮಾತ್ರ. ಹಾಸ್ಟೆಲಿನಿಂದ ಬರುತ್ತಿದ್ದ ಒಬ್ಬ ಹುಡುಗಿಗೆ ಭಾನುವಾರ ಸಂಜೆಯಾದರೆ ಹೊಟ್ಟೆನೋವು. ಮಾತ್ರೆ ಕೊಟ್ಟರು, ಕಷಾಯ ಕೊಟ್ಟರು, ಮನೆಯವರು ದೇವಸ್ಥಾನದಲ್ಲಿ ಪ್ರಶ್ನೆ ಹಾಕಿಸಿ ಅಂತ್ರವನ್ನೂ ಕಟ್ಟಿಸಿದರು. ಯಾವ ವಾರ ನೋವು, ಯಾವ ವಾರ ಇಲ್ಲ, ಆ ವಾರ ಮನೆಯಿಂದ ಯಾರು ಬಂದಿದ್ದರು, ಯಾರು ಬರಲಿಲ್ಲ ಎಂದು ಕೂತು ಕೇಳುವವರು ಮಾತ್ರ ಇರಲಿಲ್ಲ. ಆರನೇ ಕ್ಲಾಸಿಗೇ ಮನೆ ಬಿಟ್ಟು ವಸತಿ ಶಾಲೆ ಸೇರುವ ಮಕ್ಕಳು ನಮ್ಮಲ್ಲಿ ಎಷ್ಟೊಂದು ಜನ ಇದ್ದಾರೆ ಎಂಬುದು ನಿಮಗೆ ಗೊತ್ತು. ಅಪ್ಪ ಅಮ್ಮ ಬೆಂಗಳೂರಿಗೆ ದುಡಿಯಲು ಹೋಗಿ ಅಜ್ಜಿ ಮನೆಯಲ್ಲಿ ಉಳಿದ ಮಕ್ಕಳಿದ್ದಾರೆ. ಎಲೆಚುಕ್ಕಿ ರೋಗಕ್ಕೆ ತೋಟ ಹಾಳಾಗಿ, ರಾತ್ರಿ ಜಗುಲಿಯಲ್ಲಿ ದೊಡ್ಡವರು ಸಾಲದ ಮಾತಾಡುವುದನ್ನು ಒಳಗೆ ಮಲಗಿಕೊಂಡು ಕೇಳಿಸಿಕೊಳ್ಳುವ ಮಕ್ಕಳಿದ್ದಾರೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಮಂಗನ ಕಾಯಿಲೆ ಬಂದಾಗ ಎಷ್ಟು ಜನ ಸತ್ತರು, ಎಷ್ಟು ಲಸಿಕೆ ಬಂತು ಎಂಬುದೆಲ್ಲ ವಿಧಾನಸೌಧದವರೆಗೂ ಚರ್ಚೆಯಾಯಿತು. ಆ ಮನೆಗಳ ಮಕ್ಕಳು ಶಾಲೆಗೆ ಮರಳಿ ಬಂದು ಬೆಂಚಿನ ಮೇಲೆ ಹೇಗೆ ಕೂತಿದ್ದರು ಎಂದು ಕೇಳುವ ಕೆಲಸ ಯಾರ ಪಾಲಿಗೂ ಇರಲಿಲ್ಲ.

ಮಳೆಗಾಲದಲ್ಲಿ ಒಂದು ಮಗು ಹಳ್ಳದ ಪಾಲಾಯಿತು ಎಂದುಕೊಳ್ಳಿ. ಮರುದಿನ ಶಾಲೆಗೆ ರಜೆ, ಅದರ ಮರುದಿನ ಪ್ರಾರ್ಥನೆಯಲ್ಲಿ ಎರಡು ನಿಮಿಷ ಮೌನ, ಮೂರನೇ ದಿನ ಪಾಠ ಶುರು. ಆ ಮಗುವಿನ ಪಕ್ಕದಲ್ಲೇ ವರ್ಷಾನುಗಟ್ಟಲೆ ಕೂತವನ ಜೊತೆ ಏನು ಮಾತಾಡಬೇಕು, ಖಾಲಿ ಜಾಗದಲ್ಲಿ ಬೇರೆಯವರನ್ನು ಕೂರಿಸಬೇಕೋ ಬೇಡವೋ, ಅಂದು ಹಳ್ಳ ದಾಟುವಾಗ ಜೊತೆಯಲ್ಲಿದ್ದ ಮಕ್ಕಳು ‘ನಮ್ಮಿಂದಲೇ ಹೀಗಾಯ್ತು’ ಎಂದುಕೊಂಡಿದ್ದರೆ ಅವರನ್ನು ಹೇಗೆ ಸಮಾಧಾನ ಮಾಡಬೇಕು — ಇದಕ್ಕೆಲ್ಲ ಒಂದು ವಿದ್ಯೆ ಇದೆ, ಅದನ್ನು ಓದಿಕೊಂಡವರೂ ಇದ್ದಾರೆ. ಬಿ.ಇಡಿ. ಪದವಿಯಲ್ಲಿ ಶೈಕ್ಷಣಿಕ ಮನೋವಿಜ್ಞಾನದ ಒಂದು ಪತ್ರಿಕೆ ಬರೆದ ನಮ್ಮಂಥವರಿಗೆ ಅದು ಸಾಲದು.

ಶಿಕ್ಷಕರಿಗೇ ಒಂದಿಷ್ಟು ತರಬೇತಿ ಕೊಟ್ಟು ಈ ಕೆಲಸವನ್ನೂ ವಹಿಸಿದರೆ ಖರ್ಚು ಉಳಿಯುತ್ತದೆ ಎಂಬ ಸಲಹೆ ಖಂಡಿತ ಬರುತ್ತದೆ. ತರಬೇತಿ ಬೇಕು, ವರ್ಷಕ್ಕೆ ಎರಡು ಸಲವಾದರೂ ಕೊಡಬೇಕು ಎಂದು ಕೋರ್ಟೂ ಹೇಳಿದೆ. ಆದರೆ ಅಂಕ ಹಾಕುವ ಕೈ ಮತ್ತು ಗುಟ್ಟು ಕೇಳುವ ಕಿವಿ ಒಬ್ಬರದ್ದೇ ಆದರೆ ಮಗು ಬಾಯಿ ಬಿಡುವುದಿಲ್ಲ. ಅದರ ಮೇಲೆ ನಮ್ಮ ಊರುಗಳು ಸಣ್ಣವು. ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಹೇಳಿದ ಮಾತು ಸಂಜೆಗೆ ಸೊಸೈಟಿ ಕಟ್ಟೆಗೆ ತಲುಪಿರುತ್ತದೆ ಎಂಬ ಭಯ ಮಕ್ಕಳಿಗಿದೆ, ಅದು ಸುಳ್ಳು ಭಯವೂ ಅಲ್ಲ. ಮನೆಯಲ್ಲೇ ಹತ್ತಿರದವರಿಂದ ಕಿರುಕುಳವಾಗುತ್ತಿರುವ ಮಗು ಅದೇ ಊರಿನ ಶಿಕ್ಷಕರ ಹತ್ತಿರ ಹೇಳಿಕೊಳ್ಳಲು ಎಷ್ಟು ಹಿಂಜರಿಯುತ್ತದೆ ಎಂದು ಯೋಚಿಸಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೋ ಕಾಯ್ದೆ ಪ್ರಕಾರ ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಆ ಹೊಣೆಯನ್ನು ಹೆದರದೆ, ಮಗುವನ್ನು ಇನ್ನಷ್ಟು ನೋಯಿಸದೆ ನಿಭಾಯಿಸಲು ಹೊರಗಿನಿಂದ ಬರುವ, ಅದಕ್ಕೆಂದೇ ಕಲಿತ ಒಬ್ಬರು ಬೇಕು. ಈಗಾಗಲೇ ಜನಗಣತಿ, ಚುನಾವಣೆ, ಬಿಸಿಯೂಟ, ಮೊಟ್ಟೆ, ಆನ್‌ಲೈನ್ ಎಂಟ್ರಿ ಎಂದು ಬಸವಳಿದ ಶಿಕ್ಷಕರ ತಲೆ ಮೇಲೆ ಇದೊಂದನ್ನೂ ಹೊರಿಸಬೇಡಿ.

ಇನ್ನು ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳಿದರೆ ತಪ್ಪಾಗುತ್ತದೆ. ಮಾನಸಿಕ ಆರೋಗ್ಯದ ವಿಷಯದಲ್ಲಿ ದೇಶಕ್ಕೆ ದಾರಿ ತೋರಿಸಿದ್ದೇ ಕರ್ನಾಟಕ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟಕ್ಕೆ ಮಾನಸಿಕ ಚಿಕಿತ್ಸೆಯನ್ನು ಒಯ್ದ ಪ್ರಯೋಗವೇ 1996ರಲ್ಲಿ ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಗೊತ್ತುಪಡಿಸಿದ ದಿನ ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ. ಹದಿಹರೆಯದವರಿಗೆ ಸ್ನೇಹಾ ಕ್ಲಿನಿಕ್ ಇದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ತಂಡ ಶಾಲೆಗೆ ಬಂದು ಮಕ್ಕಳ ತಪಾಸಣೆ ಮಾಡುತ್ತದೆ. ನಮ್ಮ ಶಿವಮೊಗ್ಗವಂತೂ ಡಾ. ಅಶೋಕ್ ಪೈ ಅವರಂಥ ಮನೋವೈದ್ಯರು ದಶಕಗಳ ಕಾಲ ಮನಸ್ಸಿನ ಕಾಯಿಲೆಗಳ ಬಗ್ಗೆ ಕನ್ನಡದಲ್ಲೇ ಮಾತಾಡಿ, ಬರೆದು, ಜನರ ಹೆದರಿಕೆ ಬಿಡಿಸಿದ ಊರು. ಮೆಗ್ಗಾನ್ ಆಸ್ಪತ್ರೆಯಂಥ ದೊಡ್ಡ ಬೋಧನಾ ಆಸ್ಪತ್ರೆ ಇಲ್ಲೇ ಇದೆ.

ಇವೆಲ್ಲ ಇರುವುದು ಆಸ್ಪತ್ರೆಯಲ್ಲಿ. ಮಗು ಇರುವುದು ಶಾಲೆಯಲ್ಲಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೇ ಸುಮಾರು 60 ಕಿಲೋಮೀಟರ್. ಅದಕ್ಕೂ ಮೊದಲು ಹಳ್ಳಿಯಿಂದ ತೀರ್ಥಹಳ್ಳಿಗೆ ಬರಬೇಕು. ಕರೆದುಕೊಂಡು ಹೋಗುವ ತಂದೆಯದ್ದೋ ತಾಯಿಯದ್ದೋ ಒಂದು ದಿನದ ಕೂಲಿ ಹೋಯಿತು, ಬಸ್ ಚಾರ್ಜು, ಊಟ ಬೇರೆ. ಅಲ್ಲಿ ಹೋಗಿ ಸಾಲಿನಲ್ಲಿ ನಿಂತರೆ ಊರಿನವರು ಯಾರಾದರೂ ನೋಡಿ ‘ಮಗಳಿಗೆ ಏನಾಗಿದೆ’ ಎಂದು ಕೇಳುತ್ತಾರೆಂಬ ಸಂಕೋಚ. ಒಬ್ಬ ತಾಯಿಗೆ ಮನೋವೈದ್ಯರ ಹೆಸರು ಎತ್ತಿದ ಕೂಡಲೇ ಆಕೆ ‘ನನ್ನ ಮಗುವಿಗೆ ಹುಚ್ಚು ಅಂತೀರಾ ಮೇಡಂ’ ಎಂದು ಅತ್ತುಬಿಟ್ಟರು. ಅದೇ ಶಾಲೆಗೆ ಪ್ರತಿ ಬುಧವಾರ ಒಬ್ಬರು ಬಂದು ಎಲ್ಲ ಮಕ್ಕಳ ಜೊತೆಯೂ ಕೂತು ಮಾತಾಡುವ ಪದ್ಧತಿ ಇದ್ದಿದ್ದರೆ ಆ ಹೆಸರನ್ನು ಎತ್ತುವ ಪ್ರಮೇಯವೇ ಬಹುಶಃ ಬರುತ್ತಿರಲಿಲ್ಲ.

ಟೆಲಿ ಮನಸ್ ಸಹಾಯವಾಣಿ 14416 ಒಳ್ಳೆಯ ಸೇವೆ. 2022ರ ಅಕ್ಟೋಬರ್‌ನಿಂದ ನಡೆಯುತ್ತಿದೆ, ಕನ್ನಡದಲ್ಲಿ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ, ಯಾವ ಹೊತ್ತಿನಲ್ಲೂ ಕರೆ ಮಾಡಬಹುದು. ಈ ಪತ್ರ ಓದುತ್ತಿರುವವರಲ್ಲಿ ಯಾರಿಗಾದರೂ ಮನಸ್ಸು ತಡೆಯಲಾರದಷ್ಟು ಭಾರವಾಗಿದ್ದರೆ ದಯವಿಟ್ಟು ಈಗಲೇ ಆ ನಂಬರಿಗೆ ಫೋನ್ ಮಾಡಿ; ಮಕ್ಕಳ ವಿಷಯವಾದರೆ 1098 ಕೂಡ ಇದೆ. ಆದರೆ ನೆಟ್‌ವರ್ಕ್ ಕೊಡದಿದ್ದರೆ ವೋಟು ಹಾಕುವುದಿಲ್ಲ ಎಂದು ಬೋರ್ಡು ಹಾಕಿದ ಹಳ್ಳಿಗಳು ನಿಮ್ಮ ಕ್ಷೇತ್ರಗಳಲ್ಲೇ ಇವೆ. ಆಷಾಢದ ಮಳೆಗೆ ಕರೆಂಟು ಹೋಗಿ, ಟವರ್ ಬ್ಯಾಟರಿ ಮುಗಿದು, ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕಾದ ಮನೆಯ ಮಗುವಿಗೆ ಫೋನ್ ನಂಬರ್ ಒಂದನ್ನೇ ಪರಿಹಾರ ಎಂದು ಕೊಡಲಾಗದು. ಫೋನು ಅಪ್ಪನ ಜೇಬಿನಲ್ಲಿರುತ್ತದೆ ಎಂಬುದನ್ನೂ ಮರೆಯಬಾರದು.

ನಿಮ್ಹಾನ್ಸ್ ನೇತೃತ್ವದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ. 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇದೆ ಎಂದು ಕಂಡುಕೊಂಡಿತು. ನಲವತ್ತು ಮಕ್ಕಳ ಒಂದು ಕ್ಲಾಸಿನಲ್ಲಿ ಹೆಚ್ಚುಕಡಿಮೆ ಮೂವರು. ಇವರಲ್ಲಿ ಔಷಧಿ ಬೇಕಾಗುವವರನ್ನು ಮನೋವೈದ್ಯರ ಬಳಿ ಕಳಿಸಬೇಕು. ಯಾರನ್ನು ಕಳಿಸಬೇಕು, ಯಾರ ಜೊತೆ ಮಾತಾಡಿದರೆ ಸಾಕು, ಯಾರಿಗೆ ಓದಿಸುವ ಕ್ರಮವನ್ನೇ ಬದಲಿಸಬೇಕು ಎಂದು ನೋಡಿ ಹೇಳುವವರೇ ಶಾಲಾ ಮನಶ್ಶಾಸ್ತ್ರಜ್ಞರು. ಮಗುವಿನ ಕಲಿಕಾ ಮಟ್ಟವನ್ನು ಪರೀಕ್ಷೆಗಳ ಮೂಲಕ ಅಳೆಯುವುದು, ಶಿಕ್ಷಕರ ಜೊತೆ ಕೂತು ಪಾಠದ ವಿಧಾನ ಬದಲಿಸುವುದು, ಪೋಷಕರಿಗೆ ತಿಳಿಹೇಳುವುದು, ಇಡೀ ತರಗತಿಗೆ ಸಿಟ್ಟು, ದುಃಖ, ಹೆದರಿಕೆಗಳನ್ನು ನಿಭಾಯಿಸಲು ಕಲಿಸುವುದು ಅವರ ಕೆಲಸ. ಅಮೆರಿಕದಲ್ಲಿ ಈ ವೃತ್ತಿಯವರ ರಾಷ್ಟ್ರೀಯ ಸಂಘ 500 ವಿದ್ಯಾರ್ಥಿಗಳಿಗೆ ಒಬ್ಬರಂತೆ ಇರಬೇಕೆಂದು ಶಿಫಾರಸು ಮಾಡಿದೆ. ಅಲ್ಲಿ ಈ ಹುದ್ದೆಗಳು ಬೆಳೆದದ್ದಕ್ಕೆ ಮುಖ್ಯ ಕಾರಣ 1975ರ ಒಂದು ಕಾಯ್ದೆ: ವಿಶೇಷ ಅಗತ್ಯವುಳ್ಳ ಪ್ರತಿ ಮಗುವನ್ನೂ ಪರೀಕ್ಷಿಸಿ ತಕ್ಕ ಶಿಕ್ಷಣ ಕೊಡುವುದು ಸರ್ಕಾರಿ ಶಾಲೆಯ ಹೊಣೆ ಎಂದು ಅದು ವಿಧಿಸಿತು. ಇವತ್ತಿಗೂ ಅಲ್ಲಿನ ಶಾಲಾ ಮನಶ್ಶಾಸ್ತ್ರಜ್ಞರು ತಮ್ಮ ಕ್ಷೇತ್ರದ ಜನಪ್ರತಿನಿಧಿಗಳಿಗೆ ಪತ್ರ ಬರೆಯುತ್ತಾರೆ, ಭೇಟಿಯಾಗುತ್ತಾರೆ, ಬಜೆಟ್ಟಿನಲ್ಲಿ ಹಣ ಇಡಿ ಎಂದು ಬೆನ್ನು ಹತ್ತುತ್ತಾರೆ. ನಮ್ಮಲ್ಲಿ ಹುದ್ದೆಯೇ ಇಲ್ಲದಿರುವುದರಿಂದ ಹಾಗೆ ಕೇಳುವವರೂ ಕಡಿಮೆ. ಅದಕ್ಕೇ ಶಿಕ್ಷಕರು, ಪೋಷಕರು ಆ ಕೆಲಸ ಮಾಡಬೇಕಾಗಿದೆ.

ಹುದ್ದೆ ಎಂಬ ಪದವನ್ನು ನಾನು ಬೇಕೆಂದೇ ಮತ್ತೆಮತ್ತೆ ಬಳಸುತ್ತಿದ್ದೇನೆ. ಯೋಜನೆ ಬಂದರೆ ಏನಾಗುತ್ತದೆ ಎಂಬುದು ನಮಗೆ ಗೊತ್ತು. ಮೊದಲ ವರ್ಷ ಉದ್ಘಾಟನೆ, ಎರಡನೇ ವರ್ಷ ಅನುದಾನ ತಡ, ಮೂರನೇ ವರ್ಷಕ್ಕೆ ಹೊರಗುತ್ತಿಗೆಯಲ್ಲಿ ಬಂದ ಹುಡುಗಿ ಸಂಬಳ ಬಾರದೆ ಬೇರೆ ಕೆಲಸ ನೋಡಿಕೊಂಡಿರುತ್ತಾಳೆ. ಮಕ್ಕಳು ಒಬ್ಬರನ್ನು ನಂಬಿ ಬಾಯಿಬಿಡಲು ತಿಂಗಳುಗಳೇ ಬೇಕು. ಅಷ್ಟರಲ್ಲಿ ಆ ವ್ಯಕ್ತಿ ಬದಲಾದರೆ ಮಗು ಮತ್ತೆ ಇನ್ನೊಬ್ಬರಿಗೆ ಮೊದಲಿನಿಂದ ಹೇಳುವುದಿಲ್ಲ. ಅದಕ್ಕಾಗಿ ವೃಂದ ಮತ್ತು ನೇಮಕಾತಿ ನಿಯಮಗಳಲ್ಲೇ ಈ ಹುದ್ದೆ ಸೇರಬೇಕು, ವಿದ್ಯಾರ್ಹತೆ ನಿಗದಿಯಾಗಬೇಕು, ಸೇವಾ ಭದ್ರತೆ ಇರಬೇಕು. ಮನಶ್ಶಾಸ್ತ್ರ ಓದಿದ ಯುವಕ ಯುವತಿಯರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಊರಲ್ಲಿ ಕೆಲಸವಿಲ್ಲವೆಂದು ಬಸ್ ಹತ್ತುತ್ತಿದ್ದಾರೆ.

ಈಗ ನಿಮ್ಮಿಂದ ಏನು ಬೇಕು ಎಂಬುದನ್ನು ನೇರವಾಗಿ ಹೇಳುತ್ತೇನೆ.

ಶಾಸಕರು ಬರುವ ಅಧಿವೇಶನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆ, ಅಂದರೆ ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸಬೇಕಾದ ಪ್ರಶ್ನೆ, ಕೇಳಬೇಕು. ಈ ಜಿಲ್ಲೆಯಲ್ಲಿ ನೂರಕ್ಕಿಂತ ಕಡಿಮೆ ಮಕ್ಕಳಿರುವ ಸರ್ಕಾರಿ ಶಾಲೆಗಳು ಎಷ್ಟು, ಅವುಗಳಲ್ಲಿ ಓದುವ ಒಟ್ಟು ಮಕ್ಕಳು ಎಷ್ಟು, ಅವರಲ್ಲಿ ಎಷ್ಟು ಮಂದಿಗೆ ಕಲಿಕಾ ನ್ಯೂನತೆಯ ತಪಾಸಣೆ ಆಗಿದೆ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಇರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ ಜಿಲ್ಲಾ ಮೇಲ್ವಿಚಾರಣಾ ಸಮಿತಿ ಎಷ್ಟು ಸಭೆ ನಡೆಸಿದೆ ಎಂದು ಕೇಳಿ. ಸದನದಲ್ಲಿ ಮಂಡಿಸಿದ ಉತ್ತರ ದಾಖಲೆಯಾಗುತ್ತದೆ, ಮುಂದೆ ಎಲ್ಲರಿಗೂ ಅದೇ ಆಧಾರವಾಗುತ್ತದೆ. ಗಮನ ಸೆಳೆಯುವ ಸೂಚನೆಗೂ ಅವಕಾಶವಿದೆ. ಖಾಸಗಿ ಸದಸ್ಯರ ಮಸೂದೆ ಪಾಸಾಗುವುದು ಅಪರೂಪ, ಆದರೂ ಒಂದನ್ನು ಮಂಡಿಸಿದರೆ ಸರ್ಕಾರ ತನ್ನ ನಿಲುವು ಹೇಳಲೇಬೇಕಾಗುತ್ತದೆ. ಏಳು ಜನರಲ್ಲಿ ಒಬ್ಬರು ಮುಂದಾದರೂ ಸಾಕು, ಉಳಿದವರು ಪಕ್ಷ ನೋಡದೆ ಜೊತೆ ನಿಲ್ಲಿ. ಸಿಗಂದೂರಿನ ಸೇತುವೆಗಾಗಿ ಶರಾವತಿ ಹಿನ್ನೀರಿನ ಜನ ಎಲ್ಲ ಪಕ್ಷದವರ ಮನೆ ಬಾಗಿಲಿಗೂ ಹೋಗಿದ್ದರು. 2025ರ ಜುಲೈಯಲ್ಲಿ ಆ ಸೇತುವೆ ತೆರೆಯಿತು.

ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದ ಪ್ರತಿನಿಧಿಗಳ ಜವಾಬ್ದಾರಿ ಇದರಲ್ಲಿ ಇನ್ನೂ ಹೆಚ್ಚು. ಪ್ರೌಢಶಾಲೆ ಮತ್ತು ಮೇಲ್ಪಟ್ಟ ಶಿಕ್ಷಕರ ಮತದಿಂದಲೇ ನೀವು ಮೇಲ್ಮನೆಗೆ ಹೋದವರು. ನಮ್ಮ ವೇತನ, ಪಿಂಚಣಿ, ವರ್ಗಾವಣೆಯ ಬಗ್ಗೆ ನೀವು ದನಿ ಎತ್ತಿದ್ದೀರಿ, ಅದಕ್ಕೆ ಋಣಿಗಳು. ನಾವು ಪಾಠ ಹೇಳುವ ಮಕ್ಕಳ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಮಾತಾಡಿ.

ಮಾನ್ಯ ಸಚಿವರೇ, ಕೊನೆಗೆ ಕಡತಕ್ಕೆ ಸಹಿ ಬೀಳಬೇಕಾದದ್ದು ನಿಮ್ಮ ಮೇಜಿನ ಮೇಲೆ. ಕರ್ನಾಟಕ ಶಿಕ್ಷಣ ಕಾಯ್ದೆ 1983ರ ಅಡಿ ನಿಯಮ ಮಾಡುವ ಅಧಿಕಾರ ಸರ್ಕಾರಕ್ಕಿದೆ, ಎಲ್ಲದಕ್ಕೂ ದೆಹಲಿಯ ಕಡೆ ನೋಡಬೇಕಾಗಿಲ್ಲ. ಮಾನಸಿಕ ಆರೋಗ್ಯ ಸೇವೆ ಪ್ರತಿಯೊಬ್ಬರ ಹಕ್ಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯ 18ನೇ ಸೆಕ್ಷನ್ ಹೇಳುತ್ತದೆ, ಆ ಹಕ್ಕಿಗೆ ವಯಸ್ಸಿನ ಮಿತಿ ಇಲ್ಲ. ಕ್ಲಸ್ಟರಿಗೊಬ್ಬ ಶಾಲಾ ಮನಶ್ಶಾಸ್ತ್ರಜ್ಞರು ಅಥವಾ ಆಪ್ತಸಮಾಲೋಚಕರು ಎಂಬ ನಿಯಮ ಮಾಡಿ. ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಶಾಲೆಯಿಂದ ಶಾಲೆಗೆ ಓಡಾಡುವಂತೆ ಅವರೂ ಓಡಾಡಲಿ; ಆದರೆ ಯಾವ ಶಾಲೆಗೆ ಯಾವ ವಾರ ಎಂಬುದು ಗಟ್ಟಿಯಾಗಿ ಗೊತ್ತಾಗಿರಲಿ, ಮಳೆಗಾಲಕ್ಕೆ ತಕ್ಕ ಪ್ರಯಾಣ ಭತ್ಯೆ ಇರಲಿ, ಪ್ರತಿ ಶಾಲೆಯಲ್ಲೂ ಬಾಗಿಲು ಮುಚ್ಚಿ ಮಾತಾಡಬಹುದಾದ ಒಂದು ಜಾಗ ಇರಲಿ. ಇಡೀ ರಾಜ್ಯಕ್ಕೆ ಒಂದೇ ಸಲ ಆಗುವುದಿಲ್ಲವೆಂದಾದರೆ ಹೊಸನಗರ, ತೀರ್ಥಹಳ್ಳಿ, ಸಾಗರದಂಥ ಗುಡ್ಡಗಾಡು ತಾಲ್ಲೂಕುಗಳಿಂದ ಶುರು ಮಾಡಿ. ಸಾಮಾನ್ಯವಾಗಿ ಎಲ್ಲವೂ ಬೆಂಗಳೂರಿನಿಂದ ಶುರುವಾಗಿ ನಮ್ಮ ಹತ್ತಿರ ಬರುವ ಹೊತ್ತಿಗೆ ದುಡ್ಡು ಮುಗಿದಿರುತ್ತದೆ. ವಸತಿ ಶಾಲೆಗಳು ಮತ್ತು ಹಾಸ್ಟೆಲ್‌ಗಳು ಬೇರೆ ಇಲಾಖೆಗಳ ಕೆಳಗಿವೆ ಎಂಬ ಕಾರಣಕ್ಕೆ ಅಲ್ಲಿನ ಮಕ್ಕಳು ತಪ್ಪಿಹೋಗದಂತೆ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಸಚಿವರ ಜೊತೆಯೂ ದಯವಿಟ್ಟು ಮಾತಾಡಿ.

ಪೋಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ, ಪಂಚಾಯ್ತಿ ಸದಸ್ಯರಿಗೂ ಒಂದು ಮಾತು. ಇಂಥ ಕೆಲಸ ನಮ್ಮ ನೆಲಕ್ಕೆ ಹೊಸದಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಸತ್ಯಾಗ್ರಹ ಮಾಡಿದರು. ಮರುವರ್ಷವೇ ಶಾಂತವೇರಿ ಗೋಪಾಲಗೌಡರು ಶಾಸನಸಭೆಗೆ ಹೋದರು, ಗೇಣಿದಾರರ ಮಾತು ಅಲ್ಲಿಗೆ ತಲುಪಿತು. ಉಳುವವನಿಗೆ ನೆಲ ಕೊಟ್ಟ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ. ಇಪ್ಪತ್ತಮೂರು ವರ್ಷ ಹಿಡಿಯಿತು. ಇವತ್ತು ಎಂಟನೇ ಕ್ಲಾಸಿನಲ್ಲಿರುವ ಮಗುವಿಗೆ ಅಷ್ಟು ಕಾಲ ಕಾಯಲು ಆಗುವುದಿಲ್ಲ. ಆದ್ದರಿಂದ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಈ ವಿಷಯ ಇಡಿ, ಠರಾವು ಮಾಡಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೂ ಶಾಸಕರಿಗೂ ಒಂದೊಂದು ಪ್ರತಿ ಕೊಟ್ಟು ಸ್ವೀಕೃತಿ ಪಡೆಯಿರಿ. ಗ್ರಾಮಸಭೆಯಲ್ಲಿ ರಸ್ತೆ, ನೀರು, ಬೀದಿ ದೀಪದ ಜೊತೆಗೆ ಇದನ್ನೂ ನಡಾವಳಿಯಲ್ಲಿ ಬರೆಸಿ. ಮಕ್ಕಳ ಗ್ರಾಮಸಭೆ ನಡೆಯುತ್ತದಲ್ಲ, ಅಲ್ಲಿ ಮಕ್ಕಳೇ ಕೇಳಲಿ. ಪತ್ರ ಬರೆಯುವಾಗ ದೊಡ್ಡ ದೊಡ್ಡ ಮಾತು ಬೇಡ: ನಮ್ಮ ಊರು ಯಾವುದು, ಶಾಲೆಯಲ್ಲಿ ಎಷ್ಟು ಮಕ್ಕಳು, ಹತ್ತಿರದ ತಜ್ಞರು ಎಷ್ಟು ದೂರದಲ್ಲಿದ್ದಾರೆ, ನಮಗೇನು ಬೇಕು, ಇಷ್ಟು ಒಂದೇ ಹಾಳೆಯಲ್ಲಿ ಇದ್ದರೆ ಸಾಕು. ಯಾವ ಮಗುವಿನ ಹೆಸರನ್ನೂ, ಮನೆಯ ಗುರುತನ್ನೂ ಮಾತ್ರ ಬರೆಯಬೇಡಿ. ವಿಧಾನಸಭೆಯ ಅರ್ಜಿ ಸಮಿತಿಗೂ ಮನವಿ ಸಲ್ಲಿಸಬಹುದು.

ಮಾರ್ಚ್ ತಿಂಗಳ ಬಜೆಟ್ಟಿಗೆ ಇಲಾಖೆಗಳ ಪ್ರಸ್ತಾವನೆ ಅದಕ್ಕಿಂತ ತಿಂಗಳುಗಳ ಮೊದಲೇ ಆರ್ಥಿಕ ಇಲಾಖೆಗೆ ಹೋಗಬೇಕು. ಹಾಗಾಗಿ ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕೆ ಮುಂಚೆ ನಿಮ್ಮಲ್ಲಿ ಯಾರು ಪ್ರಶ್ನೆ ಕೇಳುತ್ತೀರಿ, ಯಾರು ಗಮನ ಸೆಳೆಯುವ ಸೂಚನೆ ಕೊಡುತ್ತೀರಿ ಎಂಬುದನ್ನು ತಿಳಿಸಬೇಕೆಂದು ಕೋರುತ್ತೇನೆ. ನಮ್ಮ ತಾಲ್ಲೂಕಿನ ಯಾವ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಯಾವ ಕ್ಲಸ್ಟರಿಗೆ ಯಾವ ಶಾಲೆ ಸೇರುತ್ತದೆ, ಮಳೆಗಾಲದಲ್ಲಿ ಯಾವ ದಾರಿ ಬಂದ್ ಆಗುತ್ತದೆ ಎಂಬ ಪಟ್ಟಿಯನ್ನು ನಾವು ಕೆಲವು ನಿವೃತ್ತ ಶಿಕ್ಷಕರು ಸೇರಿ ಬರೆದುಕೊಡಲು ಸಿದ್ಧರಿದ್ದೇವೆ. ನಿಮ್ಮ ಕಚೇರಿಯಿಂದ ಯಾವ ದಿನ ಕರೆದರೂ ಬರುತ್ತೇವೆ.

ಇಂತಿ ನಿಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಕನ್ನಡ ಶಿಕ್ಷಕಿ
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ